ಬ್ಯಾಲೆ ಮಾಡುವ ಹುಡುಗನಿಗೆ ಏನಂತಾರೆ?

ಪ್ರಶ್ನೆ: ಸರ್, ನಾವು ಗಂಗಾವತಿಯವರು. ನನ್ನ ಮಗನಿಗೆ ಹನ್ನೊಂದು ವರ್ಷ. ಮೊಬೈಲಿನಲ್ಲಿ ಬ್ಯಾಲೆ ನೋಡಿ ನೋಡಿ, ತಾನೂ ಹಾಗೇ ಕಾಲೆತ್ತಿ ತಿರುಗುತ್ತಾನೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಮೂರು ನಿಮಿಷ ಮಾಡುತ್ತೇನೆ ಅಂತ ಹೆಸರು ಕೊಟ್ಟಿದ್ದಾನೆ. ಈಗ ಕ್ಲಾಸಿನ ಹುಡುಗರು ಅವನನ್ನು "ಬ್ಯಾಲೆರಿನಾ, ಬ್ಯಾಲೆರಿನಾ" ಅಂತ ಕಾಡಿಸುತ್ತಿದ್ದಾರೆ. ಅದು ಹುಡುಗಿಯರ ಹೆಸರಂತೆ. ಅತ್ತುಕೊಂಡು ಬಂದು "ಅಮ್ಮಾ, ಹುಡುಗರಿಗೆ ಏನಂತಾರೆ?" ಅಂತ ಕೇಳಿದ. ನನಗೆ ಗೊತ್ತಿರಲಿಲ್ಲ. ಕಾರ್ಯಕ್ರಮದ ಪಟ್ಟಿಯಲ್ಲಿ ಏನು ಹಾಕಿಸಬೇಕು ಅಂತ ಟೀಚರ್ ಕೂಡ ಕೇಳುತ್ತಿದ್ದಾರೆ. ಬ್ಯಾಲೆಯಲ್ಲಿ ಗಂಡಿಗೆ, ಹೆಣ್ಣಿಗೆ ಸರಿಯಾದ ಹೆಸರೇನು?

ಉತ್ತರ: ತಂಗೀ, ಮಗ ಕಾಯುತ್ತಿರುತ್ತಾನೆ. ಅದಕ್ಕೇ ಉತ್ತರ ಮೊದಲು ಹೇಳಿಬಿಡುತ್ತೇನೆ. ನಿಮ್ಮ ಮಗ ಬ್ಯಾಲೆ ಡ್ಯಾನ್ಸರ್. ಲಂಡನ್ನಿನಲ್ಲಿ, ನ್ಯೂಯಾರ್ಕಿನಲ್ಲಿ ಈ ಕಲೆಯಿಂದಲೇ ಹೊಟ್ಟೆ ಹೊರೆಯುವ ಗಂಡಸರು ತಮ್ಮನ್ನು ಹೀಗೇ ಹೇಳಿಕೊಳ್ಳುತ್ತಾರೆ. ಹೆಂಗಸರೂ ಅಷ್ಟೇ. ಫ್ರೆಂಚ್ ಮಾತಿನಲ್ಲಿ ಗಂಡಿಗೆ ದಾನ್ಸರ್, ಹೆಣ್ಣಿಗೆ ದಾನ್ಸೋಸ್. ಇಟಲಿಯ ಮಾತಿನಲ್ಲಿ ಗಂಡಿಗೆ ಬ್ಯಾಲೆರಿನೊ, ಹೆಣ್ಣಿಗೆ ಬ್ಯಾಲೆರಿನಾ. ಇಷ್ಟನ್ನು ಅವನಿಗೆ ಈಗಲೇ ಓದಿ ಹೇಳಿ. ಉಳಿದದ್ದನ್ನು ರಾತ್ರಿ ಊಟ ಮುಗಿದ ಮೇಲೆ ನಿಧಾನಕ್ಕೆ ಓದಿ. ಯಾಕೆಂದರೆ ಅವನ ಗೆಳೆಯರು ಬೈಗುಳ ಅಂದುಕೊಂಡು ಹಿಡಿದ ಪದ ಬೈಗುಳವೇ ಅಲ್ಲ. ಅದೊಂದು ದೊಡ್ಡ ಬಿರುದು.

ಪದದ ಬೇರು ಇಟಲಿಯಲ್ಲಿದೆ. ಅಲ್ಲಿ 'ಬಲ್ಲಾರೆ' ಎಂದರೆ ಕುಣಿಯುವುದು, 'ಬಲ್ಲೊ' ಎಂದರೆ ಕುಣಿತ, 'ಬಲ್ಲೆತ್ತೊ' ಎಂದರೆ ಪುಟ್ಟ ಕುಣಿತ. ಈ ಕೊನೆಯ ಪದ ಫ್ರಾನ್ಸಿಗೆ ಹೋಗಿ ಬ್ಯಾಲೆ ಆಯಿತು. ಬರೆಯುವಾಗ ಕೊನೆಗೆ ಟಕಾರದ ಅಕ್ಷರ ಇರುತ್ತದೆ, ಓದುವಾಗ ಇರುವುದಿಲ್ಲ. ಬ್ಯಾಲೆಟ್ ಅಂತ ಓದಿದರೆ ನಮ್ಮ ಕಡೆ ಜನಕ್ಕೆ ಚುನಾವಣೆಯ ಮತಪತ್ರ ನೆನಪಾಗುತ್ತದೆ. ಇನ್ನು ಕೆಲವರು ಇದನ್ನೂ ಬೆಲ್ಲಿ ಡ್ಯಾನ್ಸನ್ನೂ ಒಂದೇ ಅಂದುಕೊಳ್ಳುತ್ತಾರೆ. ಎರಡಕ್ಕೂ ಸಂಬಂಧವೇ ಇಲ್ಲ. ಬೆಲ್ಲಿ ಡ್ಯಾನ್ಸ್ ಅರಬರ ನಾಡಿನಿಂದ ಬಂದದ್ದು, ಸೊಂಟ ಹೊಟ್ಟೆಗಳ ಚಲನೆಯದು. ಬ್ಯಾಲೆ ಯುರೋಪಿನ ಅರಮನೆಗಳಿಂದ ಬಂದದ್ದು, ಕಾಲು ಪಾದಗಳ ಲೆಕ್ಕಾಚಾರದ್ದು.

ಇಟಲಿಯಲ್ಲಿ ಬ್ಯಾಲೆರಿನೊ, ಬ್ಯಾಲೆರಿನಾ ಎರಡೂ ದಿನಬಳಕೆಯ ಮಾತುಗಳು. ನಮ್ಮಲ್ಲಿ ಹಾಡುಗಾರ, ಹಾಡುಗಾರ್ತಿ ಇದ್ದ ಹಾಗೆ. ಓಕಾರ ಬಂದರೆ ಗಂಡು, ಆಕಾರ ಬಂದರೆ ಹೆಣ್ಣು. ಅಲ್ಲಿ ಪಕ್ಕದ ಮನೆಯ ಹುಡುಗಿ ವಾರಕ್ಕೆರಡು ದಿನ ತರಗತಿಗೆ ಹೋದರೂ ಬ್ಯಾಲೆರಿನಾ, ಅವಳ ತಮ್ಮ ಹೋದರೆ ಬ್ಯಾಲೆರಿನೊ. ಮಿಲಾನಿನ ಲಾ ಸ್ಕಾಲಾ ರಂಗಮಂದಿರದ ಹೆಸರಾಂತ ಕಲಾವಿದ ರೊಬೆರ್ತೊ ಬೊಲ್ಲೆಯನ್ನು ಅಲ್ಲಿಯವರು ಹೆಮ್ಮೆಯಿಂದ ಬ್ಯಾಲೆರಿನೊ ಎನ್ನುತ್ತಾರೆ. ಆದರೆ ಇಂಗ್ಲಿಷ್ ಆಡುವ ಬ್ಯಾಲೆ ಮಂದಿ ಈ ಗಂಡು ಪದವನ್ನು ಬಳಸುವುದಿಲ್ಲ. ಹೆಣ್ಣು ಪದವನ್ನು ಮಾತ್ರ ತೆಗೆದುಕೊಂಡರು, ಗಂಡು ಪದವನ್ನು ಇಟಲಿಯಲ್ಲೇ ಬಿಟ್ಟರು. ನಿಮ್ಮ ಮಗನಿಗೆ ಸಿಕ್ಕ ತೊಂದರೆಯ ಮೂಲ ಇಲ್ಲೇ ಇದೆ.

ಇಟಲಿಯ ಗಡಿ ದಾಟಿದ ಮೇಲೆ ಬ್ಯಾಲೆರಿನಾ ಎಂಬ ಪದದ ತೂಕ ಜಾಸ್ತಿಯಾಯಿತು. ಜಾರ್ ದೊರೆಗಳ ಕಾಲದ ರಷ್ಯಾದಲ್ಲಿ ತಂಡದ ಎಲ್ಲ ಹೆಂಗಸರೂ ಬ್ಯಾಲೆರಿನಾ ಆಗಿರಲಿಲ್ಲ. ಹಿಂದಿನ ಸಾಲಿನಲ್ಲಿ ಕುಣಿಯುವವರು ಬೇರೆ, ನಡುವಿನವರು ಬೇರೆ, ಒಂಟಿಯಾಗಿ ಕುಣಿಯುವವರು ಬೇರೆ. ಅವರೆಲ್ಲರ ಮೇಲೆ, ಇಡೀ ರಾತ್ರಿಯ ಪ್ರಯೋಗವನ್ನು ಹೆಗಲ ಮೇಲೆ ಹೊರುವ ಒಬ್ಬಿಬ್ಬರಿಗೆ ಮಾತ್ರ ಬ್ಯಾಲೆರಿನಾ ಎಂಬ ಹೆಸರು. ಅದಕ್ಕೂ ಮೇಲೆ ಪ್ರಿಮಾ ಬ್ಯಾಲೆರಿನಾ, ಅಂದರೆ ಮೊದಲನೆಯವಳು. ಅದಕ್ಕೂ ಮೇಲೆ ಇನ್ನೊಂದಿದೆ: ಪ್ರಿಮಾ ಬ್ಯಾಲೆರಿನಾ ಅಸ್ಸೊಲೂತಾ. ಆಕೆಗೆ ಎದುರಿಲ್ಲ ಎಂದು ಅರ್ಥ. ಆ ಕಾಲದ ರಷ್ಯಾದಲ್ಲಿ ಇದು ಸಿಕ್ಕಿದ್ದು ಇಬ್ಬರಿಗೇ. ಒಬ್ಬರು ಇಟಲಿಯಿಂದ ಬಂದ ಪಿಯೆರಿನಾ ಲೆನ್ಯಾನಿ, ಇನ್ನೊಬ್ಬರು ರಷ್ಯಾದ ಮಟಿಲ್ಡಾ ಕ್ಷೆಸಿನ್ಸ್ಕಾಯಾ. 1895ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಲೆನ್ಯಾನಿ 'ಸ್ವಾನ್ ಲೇಕ್' ಬ್ಯಾಲೆಯಲ್ಲಿ ಒಂದೇ ಕಾಲಿನ ಬೆರಳ ತುದಿಯ ಮೇಲೆ ನಿಂತು, ಇನ್ನೊಂದು ಕಾಲನ್ನು ಚಾವಟಿಯಂತೆ ಬೀಸುತ್ತಾ 32 ಸುತ್ತು ತಿರುಗಿದರು. ಇವತ್ತಿಗೂ ಆ ಜಾಗ ಬಂದಾಗ ನೋಡುವವರು ಬಾಯಲ್ಲೇ ಎಣಿಸುತ್ತಾರೆ. ಇಂಗ್ಲೆಂಡಿನಲ್ಲಿ ರಾಯಲ್ ಬ್ಯಾಲೆಯು ಮಾರ್ಗೊ ಫಾಂಟೇನ್ ಅವರಿಗೆ ಇದೇ ಬಿರುದನ್ನು 1979ರಲ್ಲಿ ಕೊಟ್ಟಿತು. ಆಗ ಅವರಿಗೆ ಅರವತ್ತು ವರ್ಷ.

ಅಂದ ಮೇಲೆ ನೋಡಿ. ಕಲಿಯುತ್ತಿರುವ ಹುಡುಗಿಯನ್ನೂ ಬ್ಯಾಲೆರಿನಾ ಅನ್ನುವುದು, ಈ ಲೆಕ್ಕದಲ್ಲಿ, ಸಂಗೀತದ ಸರಳೆ ವರಸೆ ಕಲಿಯುವ ಮಗುವನ್ನು ವಿದುಷಿ ಅಂದ ಹಾಗೆ. ಅಕ್ಕರೆಯಿಂದ ಕರೆಯುವುದು ಬೇರೆ ಮಾತು. ಗುಲಾಬಿ ಫ್ರಾಕು, ಚಪ್ಪಲಿ, ಬ್ಯಾಗುಗಳ ಮೇಲೆಲ್ಲಾ ಆ ಹೆಸರು ಬರೆದು ಮಾರುತ್ತಾರಲ್ಲ, ಅದರಿಂದ ಪದ ಸಸ್ತಾ ಆಗಿದೆ. ರಷ್ಯಾದ ಆಡುಮಾತಿನಲ್ಲೂ ಈಗ ಬ್ಯಾಲೆ ಮಾಡುವ ಯಾವ ಹೆಣ್ಣನ್ನಾದರೂ ಹಾಗೆ ಕರೆಯುತ್ತಾರೆ. ಆದರೂ ಪದಕ್ಕೆ ಹಳೆಯ ಮರ್ಯಾದೆ ಉಳಿದಿದೆ. ಪಳಗಿದ ಕಲಾವಿದೆಯರಲ್ಲಿ ಎಷ್ಟೋ ಮಂದಿ ತಮ್ಮನ್ನು ತಾವೇ ಬ್ಯಾಲೆರಿನಾ ಅಂದುಕೊಳ್ಳುವುದಿಲ್ಲ. ಬೇರೆಯವರು ಹೇಳಬೇಕಾದ ಮಾತು ಅದು ಅನ್ನುತ್ತಾರೆ.

ಪ್ಯಾರಿಸ್ಸಿನ ಪದ್ಧತಿ ನನಗೆ ಇನ್ನೂ ಇಷ್ಟ. ಅಲ್ಲಿನ ಒಪೆರಾ ಬ್ಯಾಲೆಯಲ್ಲಿ ಐದು ಮೆಟ್ಟಿಲು. ಕೆಳಗಿನಿಂದ ಹೇಳುವುದಾದರೆ ಕದ್ರಿಯ್, ಕೊರಿಫೆ, ಸುಜೆ. ನಾಲ್ಕನೆಯದು ಗಂಡಾದರೆ ಪ್ರೆಮಿಯೆ ದಾನ್ಸರ್, ಹೆಣ್ಣಾದರೆ ಪ್ರೆಮಿಯೆರ್ ದಾನ್ಸೋಸ್. ಎಲ್ಲಕ್ಕೂ ಮೇಲಿನದು ಎತ್ವಾಲ್. ಎತ್ವಾಲ್ ಎಂದರೆ ನಕ್ಷತ್ರ. ಗಂಡಿಗೂ ಅದೇ, ಹೆಣ್ಣಿಗೂ ಅದೇ. ಕೆಳಗಿನ ಮೆಟ್ಟಿಲುಗಳನ್ನು ಪರೀಕ್ಷೆ ಕೊಟ್ಟು ಹತ್ತುವ ಪದ್ಧತಿ ಅಲ್ಲಿ ಬೆಳೆದು ಬಂದದ್ದು. ನಕ್ಷತ್ರ ಆಗುವುದಕ್ಕೆ ಪರೀಕ್ಷೆ ಇಲ್ಲ. ಪ್ರಯೋಗ ಮುಗಿದ ಮೇಲೆ ನಿರ್ದೇಶಕರು ವೇದಿಕೆಗೆ ಬಂದು, ಎಲ್ಲರೆದುರು, "ಇವತ್ತಿನಿಂದ ಇವರು ಎತ್ವಾಲ್" ಎಂದು ಸಾರುತ್ತಾರೆ. ಮೈಯೆಲ್ಲಾ ಬೆವರು, ಎದೆ ಇನ್ನೂ ಏದುಸಿರು ಬಿಡುತ್ತಿರುವಾಗ ಆ ಮಾತು ಕೇಳಿ ಕಲಾವಿದರು ಅಳುವುದನ್ನು ನಾನು ವಿಡಿಯೊಗಳಲ್ಲಿ ನೋಡಿದ್ದೇನೆ. ಪ್ರತಿ ಸಲವೂ ನನ್ನ ಕಣ್ಣೂ ತುಂಬುತ್ತದೆ. ಗಮನಿಸಿ, ಈ ಐದರಲ್ಲಿ ಬ್ಯಾಲೆರಿನಾ ಎಂಬ ಪದವೇ ಇಲ್ಲ.

ಅದೇ ಊರಿನ ಬ್ಯಾಲೆ ಶಾಲೆ ಶುರುವಾದದ್ದು 1713ರಲ್ಲಿ. ಅಲ್ಲಿ ಕಲಿಯುವ ಮಕ್ಕಳಿಗೆ ಒಂದು ಮುದ್ದಿನ ಹೆಸರಿದೆ: ಪೆತಿ ರಾ, ಪುಟ್ಟ ಇಲಿ. ಹುಡುಗನೂ ಪುಟ್ಟ ಇಲಿಯೇ, ಹುಡುಗಿಯೂ ಪುಟ್ಟ ಇಲಿಯೇ. ಇದನ್ನು ಮಗನಿಗೆ ಹೇಳಿ, ನಗುತ್ತಾನೆ.

ಲಂಡನ್ನಿನ ರಾಯಲ್ ಬ್ಯಾಲೆಯಲ್ಲಿ ಆರ್ಟಿಸ್ಟ್, ಫಸ್ಟ್ ಆರ್ಟಿಸ್ಟ್, ಸೋಲೋಯಿಸ್ಟ್, ಫಸ್ಟ್ ಸೋಲೋಯಿಸ್ಟ್, ಪ್ರಿನ್ಸಿಪಲ್ ಎಂದು ಸಾಗುತ್ತದೆ. ಅಮೆರಿಕದ ದೊಡ್ಡ ತಂಡವಾದ ಅಮೆರಿಕನ್ ಬ್ಯಾಲೆ ಥಿಯೇಟರಿನಲ್ಲಿ ಮೂರೇ: ಕೋರ್ ದ ಬ್ಯಾಲೆ, ಸೋಲೋಯಿಸ್ಟ್, ಪ್ರಿನ್ಸಿಪಲ್. ಕೋರ್ ದ ಬ್ಯಾಲೆ ಎಂದರೆ ಗುಂಪಿನಲ್ಲಿ ಕುಣಿಯುವವರು. 'ಸ್ವಾನ್ ಲೇಕ್' ಬ್ಯಾಲೆಯಲ್ಲಿ ಹಂಸಗಳ ವೇಷದ ಇಪ್ಪತ್ತನಾಲ್ಕು ಹಂಸಗಳು ಒಂದೇ ಉಸಿರಿನಲ್ಲಿ ಕತ್ತು ಬಾಗಿಸುತ್ತವಲ್ಲ, ಅವರು. ಇಲ್ಲೆಲ್ಲಾ ಗಂಡು ಹೆಣ್ಣು ಅಂತ ಬೇರೆ ಹೆಸರಿಲ್ಲ. ಮಿಸ್ಟಿ ಕೋಪ್‌ಲ್ಯಾಂಡ್ ಎಂಬ ಕಲಾವಿದೆ 2015ರಲ್ಲಿ ಆ ಅಮೆರಿಕನ್ ತಂಡದಲ್ಲಿ ಪ್ರಿನ್ಸಿಪಲ್ ಆದರು. ಆಫ್ರಿಕನ್ ಅಮೆರಿಕನ್ ಹೆಣ್ಣೊಬ್ಬಳು ಅಲ್ಲಿ ಆ ಮೆಟ್ಟಿಲು ಮುಟ್ಟಿದ್ದು ಅದೇ ಮೊದಲು. ಹವಾನಾದ ಲಾರಿ ಡ್ರೈವರೊಬ್ಬರ ಮಗ ಕಾರ್ಲೋಸ್ ಅಕೋಸ್ಟಾ ಲಂಡನ್ನಿನಲ್ಲಿ ಪ್ರಿನ್ಸಿಪಲ್ ಆಗಿ ಮೆರೆದರು. ಇಬ್ಬರ ಪದವಿಗೂ ಒಂದೇ ಹೆಸರು.

ಹಾಗಾದರೆ ಹೆಣ್ಣಿನ ಹೆಸರೊಂದೇ ಊರೂರು ತಿರುಗಿ, ಗಂಡಿನ ಹೆಸರು ಯಾಕೆ ಮೂಲೆ ಸೇರಿತು? ನನಗೆ ಈ ಕಥೆ ಹೇಳುವುದೆಂದರೆ ಬಹಳ ಇಷ್ಟ. ಯಾಕೆಂದರೆ ಅದು ನಮ್ಮ ಬಯಲಾಟದ ಕಥೆಯ ಹಾಗೇ ಇದೆ.

ಶುರುವಿನಲ್ಲಿ ಬ್ಯಾಲೆ ಗಂಡಸರದ್ದೇ. ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿ ಸ್ವತಃ ಕುಣಿಯುತ್ತಿದ್ದ. 1653ರಲ್ಲಿ, ಅವನಿಗಿನ್ನೂ ಹದಿನಾಲ್ಕು ವರ್ಷ, ರಾತ್ರಿಯ ಕಥೆಯಿರುವ ಒಂದು ಬ್ಯಾಲೆಯಲ್ಲಿ ಕೊನೆಗೆ ಉದಯಿಸುವ ಸೂರ್ಯನಾಗಿ, ಬಂಗಾರದ ಕಿರಣಗಳ ಉಡುಪಿನಲ್ಲಿ ಬಂದ. ಸೂರ್ಯರಾಜ ಎಂದು ಅವನಿಗೆ ಹೆಸರು ಅಂಟಿಕೊಂಡದ್ದರಲ್ಲಿ ಆ ವೇಷದ ಪಾಲು ದೊಡ್ಡದು. 1661ರಲ್ಲಿ ಅವನು ಹದಿಮೂರು ನೃತ್ಯ ಗುರುಗಳನ್ನು ಸೇರಿಸಿ ರಾಯಲ್ ನೃತ್ಯ ಅಕಾಡೆಮಿ ಕಟ್ಟಿದ. ಬ್ಯಾಲೆಯ ಹೆಜ್ಜೆಗಳ ಹೆಸರೆಲ್ಲಾ ಇವತ್ತಿಗೂ ಫ್ರೆಂಚಿನಲ್ಲೇ ಇರುವುದು ಅದಕ್ಕೇ. ಬೆಂಗಳೂರಿನಲ್ಲಿ ಕಲಿತರೂ ಮಂಡಿ ಬಾಗಿಸುವುದಕ್ಕೆ ಪ್ಲಿಯೆ ಎಂದೇ ಹೇಳಬೇಕು.

ಆಗ ರಂಗಮಂದಿರದ ವೇದಿಕೆಯ ಮೇಲೆ ಹೆಣ್ಣಿನ ಪಾತ್ರವನ್ನೂ ಗಂಡಸರೇ ಮುಖವಾಡ ಹಾಕಿ ಮಾಡುತ್ತಿದ್ದರು. ಪ್ಯಾರಿಸ್ ಒಪೆರಾದ ವೇದಿಕೆಗೆ ವೃತ್ತಿಯ ನರ್ತಕಿಯಾಗಿ ಹೆಣ್ಣು ಬಂದದ್ದು 1681ರಲ್ಲಿ. ಆಕೆಯನ್ನು ಚರಿತ್ರೆ ಮದ್ಮೊಸೆಲ್ ದ ಲಾಫೊಂತೇನ್ ಎಂದು ನೆನೆಯುತ್ತದೆ. ಆಮೇಲೆ ಮರಿ ಕಮಾರ್ಗೊ ಬಂದರು. ಕಾಲಿನ ಚುರುಕು ಜನಕ್ಕೆ ಕಾಣಲಿ ಅಂತ ಲಂಗವನ್ನು ಸ್ವಲ್ಪ ಮೇಲಕ್ಕೆ ಕತ್ತರಿಸಿದರು. ಅಷ್ಟಕ್ಕೇ ಆ ಕಾಲದಲ್ಲಿ ಗದ್ದಲವಾಯಿತು.

ನಮ್ಮ ಕಡೆ ನೋಡಿ. ನಾನು ಹುಟ್ಟಿದ್ದು ಸಿರುಗುಪ್ಪ ಕಡೆಯ ಹಳ್ಳಿಯಲ್ಲಿ. ನಮ್ಮ ಚಿಕ್ಕಪ್ಪ ದೊಡ್ಡಾಟದಲ್ಲಿ ದ್ರೌಪದಿ ಪಾರ್ಟು ಮಾಡುತ್ತಿದ್ದರು. ಹಗಲೆಲ್ಲಾ ಗದ್ದೆಯಲ್ಲಿ ನೀರು ಕಟ್ಟಿ, ರಾತ್ರಿ ಸೀರೆಯುಟ್ಟು, ಗೆಜ್ಜೆ ಕಟ್ಟಿ, ಬೆಳಗಿನ ಜಾವದ ತನಕ ಕುಣಿಯುತ್ತಿದ್ದರು. ಸೀರೆ ಸೆಳೆಯುವ ಹೊತ್ತಿಗೆ ಮುಂದೆ ಕೂತ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಮರುದಿನ ಚಿಕ್ಕಪ್ಪ ಟೀ ಅಂಗಡಿಗೆ ಬಂದರೆ ಎಲ್ಲರೂ ಸರಿದು ಜಾಗ ಕೊಡುತ್ತಿದ್ದರು. ಹೆಣ್ಣಿಗ ಅಂತ ಊರಲ್ಲಿ ಒಬ್ಬರೂ ಅಂದಿಲ್ಲ. ಗಂಡಸು ಕುಣಿಯುವುದು ನಾಚಿಕೆಯಲ್ಲ ಅಂತ ನಾನು ಕಲಿತದ್ದು ಅವರ ಗೆಜ್ಜೆ ನೋಡಿ.

ಬಳ್ಳಾರಿ ರಾಘವ ಅವರ ಹೆಸರು ನೀವು ಕೇಳಿರುತ್ತೀರಿ. 1880ರಲ್ಲಿ ಹುಟ್ಟಿ 1946ರಲ್ಲಿ ತೀರಿಕೊಂಡ ದೊಡ್ಡ ನಟರು, ವೃತ್ತಿಯಿಂದ ವಕೀಲರು. ಹೆಣ್ಣಿನ ಪಾತ್ರವನ್ನು ಹೆಣ್ಣುಮಕ್ಕಳೇ ಮಾಡಬೇಕು ಎಂದು ಪಟ್ಟು ಹಿಡಿದು, ಮನೆತನಸ್ಥ ಹೆಣ್ಣುಮಕ್ಕಳನ್ನು ವೇದಿಕೆಗೆ ಕರೆತಂದವರಲ್ಲಿ ಅವರೂ ಒಬ್ಬರು. ಪ್ಯಾರಿಸ್ಸಿನಲ್ಲಿ 1681ರಲ್ಲಿ ತೆರೆದ ಬಾಗಿಲು ನಮ್ಮ ಬಳ್ಳಾರಿಯಲ್ಲಿ ತೆರೆಯುವುದಕ್ಕೆ ಇಪ್ಪತ್ತನೇ ಶತಮಾನ ಬರಬೇಕಾಯಿತು. ಆದರೆ ಒಂದು ವ್ಯತ್ಯಾಸ ಇದೆ. ನಮ್ಮಲ್ಲಿ ಹೆಣ್ಣು ಬಂದ ಮೇಲೂ ಗಂಡು ಹಿಂದೆ ಸರಿಯಲಿಲ್ಲ. ಅಲ್ಲಿ ಸರಿಯಿತು.

ಅದಾದದ್ದು ಹೀಗೆ. 1832ರಲ್ಲಿ ಮರಿ ತಾಲ್ಯೋನಿ 'ಲಾ ಸಿಲ್ಫಿದ್' ಬ್ಯಾಲೆಯಲ್ಲಿ ಬೆರಳ ತುದಿಯ ಮೇಲೆ ನಿಂತು ಕುಣಿದರು. ಬಿಳಿ ಲಂಗ, ಬೆನ್ನಿಗೆ ಪುಟ್ಟ ರೆಕ್ಕೆ, ನೆಲವನ್ನೇ ಮುಟ್ಟದ ಹಾಗೆ ನಡಿಗೆ. ಪ್ಯಾರಿಸ್ಸಿನ ಜನ ಮರುಳಾದರು. ಅಲ್ಲಿಂದ ಮುಂದೆ ಬ್ಯಾಲೆ ಎಂದರೆ ಹೆಣ್ಣು ಎಂದಾಯಿತು. ಗಂಡು ಕಲಾವಿದನ ಕೆಲಸ ಅವಳನ್ನು ಎತ್ತುವುದು, ಹಿಡಿಯುವುದು, ಹಿಂದೆ ನಿಲ್ಲುವುದು. ಅವನಿಗೆ ಪೋರ್ತರ್, ಅಂದರೆ ಹೊರುವವನು ಎಂಬ ಹೆಸರೂ ಬಂತು. ಕೊನೆಕೊನೆಗೆ ಪ್ಯಾರಿಸ್ಸಿನಲ್ಲಿ ಗಂಡಿನ ಪಾತ್ರವನ್ನೂ ಹೆಂಗಸರೇ ಮಾಡತೊಡಗಿದರು. 1870ರಲ್ಲಿ 'ಕೊಪೇಲಿಯಾ' ಮೊದಲ ಸಲ ವೇದಿಕೆಗೆ ಬಂದಾಗ, ನಾಯಕ ಫ್ರಾಂಜ್ ಆಗಿ ಕುಣಿದದ್ದು ಯೂಜೆನಿ ಫಿಯೋಕ್ರ್ ಎಂಬ ಹೆಣ್ಣುಮಗಳು. ನಮ್ಮ ದೊಡ್ಡಾಟವನ್ನು ತಿರುವಿ ಹಾಕಿದಂತೆ!

ಬ್ಯಾಲೆರಿನಾ ಎಂಬ ಪದ ಊರೂರಿಗೆ ಹರಡಿದ್ದು ಈ ಕಾಲದಲ್ಲಿ. ವೇದಿಕೆಯ ನಡುವೆ ಗಂಡೇ ಇಲ್ಲದಾಗ ಅವನಿಗೆ ಹೆಸರು ಯಾರಿಗೆ ಬೇಕಿತ್ತು? ನಿಮ್ಮ ಮಗನಿಗೆ ತಟ್ಟನೆ ಹೇಳಲು ಒಂದು ಪದ ಸಿಗಲಿಲ್ಲ. ಅದು ನಿಮ್ಮ ತಪ್ಪಲ್ಲ, ಅವನ ತಪ್ಪಂತೂ ಅಲ್ಲವೇ ಅಲ್ಲ. ನೂರೈವತ್ತು ವರ್ಷದ ಹಿಂದೆ ಆದ ಒಂದು ಪಲ್ಲಟದ ಗುರುತು ಅದು.

ಎಲ್ಲ ಕಡೆ ಹಾಗಾಗಲಿಲ್ಲ. ಡೆನ್ಮಾರ್ಕಿನ ಗುರು ಬೋರ್ನೊನ್ವಿಲ್ ಗಂಡಿನ ಕುಣಿತವನ್ನು ಕೈಬಿಡಲಿಲ್ಲ. ರಷ್ಯಾವೂ ಬಿಡಲಿಲ್ಲ. ಅದೇ ರಷ್ಯಾದಿಂದ 1909ರಲ್ಲಿ ಒಂದು ತಂಡ ಪ್ಯಾರಿಸ್ಸಿಗೆ ಬಂತು. ಅದರಲ್ಲಿ ವಾಸ್ಲಾವ್ ನಿಜಿನ್ಸ್ಕಿ ಇದ್ದರು. 1911ರ ಒಂದು ಬ್ಯಾಲೆಯಲ್ಲಿ ಗುಲಾಬಿಯ ಆತ್ಮವಾಗಿ ಕುಣಿದು, ಕೊನೆಗೆ ಕಿಟಕಿಯಾಚೆಗೆ ಹಾರಿ ಮಾಯವಾದರು. ಆ ಒಂದು ಜಿಗಿತದ ಮಾತು ಇವತ್ತಿಗೂ ಮುಗಿದಿಲ್ಲ.

ನಿಮ್ಮ ಮಗನಿಗೆ ನಾನು ಹೇಳಬಯಸುವ ಕಥೆ ಮಾತ್ರ ರುಡಾಲ್ಫ್ ನುರಿಯೆವ್ ಅವರದು. ಊಫಾ ಎಂಬ ದೂರದ ಊರಿನಲ್ಲಿ ಬಡತನದಲ್ಲಿ ಬೆಳೆದ ಹುಡುಗ. ಅಪ್ಪ ಸೈನ್ಯದಲ್ಲಿದ್ದವರು, ಮಗ ಕುಣಿಯುವುದು ಅವರಿಗೆ ಸುತಾರಾಂ ಇಷ್ಟವಿರಲಿಲ್ಲ. ಹುಡುಗ ಮೊದಲು ಕಲಿತದ್ದು ಆ ಕಡೆಯ ಜನಪದ ಕುಣಿತ. ಲೆನಿನ್‌ಗ್ರಾಡಿನ ದೊಡ್ಡ ಬ್ಯಾಲೆ ಶಾಲೆಗೆ ಸೇರುವಾಗ ವಯಸ್ಸು ಹದಿನೇಳು. ಬೇರೆ ಮಕ್ಕಳು ಅಲ್ಲಿ ಹತ್ತಕ್ಕೇ ಸೇರುತ್ತಾರೆ. 1961ರಲ್ಲಿ ಪ್ಯಾರಿಸ್ಸಿನ ವಿಮಾನ ನಿಲ್ದಾಣದಲ್ಲಿ, ತಾನಿನ್ನು ಸೋವಿಯತ್ ದೇಶಕ್ಕೆ ಮರಳುವುದಿಲ್ಲ ಎಂದು ಹೇಳಿ ಉಳಿದುಬಿಟ್ಟರು. ಮರುವರ್ಷ ಲಂಡನ್ನಿನಲ್ಲಿ ಆಗಲೇ ಹೇಳಿದ ಮಾರ್ಗೊ ಫಾಂಟೇನ್ ಜೊತೆ 'ಜಿಸೆಲ್' ಕುಣಿದರು. ಆಕೆಗೆ ನಲವತ್ತೆರಡು, ಇವರಿಗೆ ಇಪ್ಪತ್ಮೂರು. ಆ ಜೋಡಿಯನ್ನು ನೋಡಲು ಜನ ರಾತ್ರಿಯೆಲ್ಲಾ ಟಿಕೆಟ್ಟಿಗೆ ಸಾಲು ನಿಲ್ಲುತ್ತಿದ್ದರು. ಹೊರುವವನು ಎಂಬ ಮಾತು ಆಮೇಲೆ ಯಾರ ಬಾಯಲ್ಲೂ ನಿಲ್ಲಲಿಲ್ಲ.

ಗಂಡು ಕಲಾವಿದನಿಗೆ ಇರುವ ಒಂದು ಚೆಂದದ ಬಿರುದನ್ನೂ ಹೇಳಬೇಕು: ದಾನ್ಸರ್ ನೋಬ್ಲ್. ಇದು ಮೆಟ್ಟಿಲಿನ ಹೆಸರಲ್ಲ, ಗುಣದ ಹೆಸರು. ರಾಜಕುಮಾರನ ಪಾತ್ರಕ್ಕೆ ತಕ್ಕ ನಿಲುವು, ಉದ್ದನೆಯ ಶುದ್ಧ ರೇಖೆ, ಜೊತೆಯವಳನ್ನು ಹಿಡಿಯುವಾಗಲೂ ಮರ್ಯಾದೆ ತಪ್ಪದ ಕೈ, ಇವೆಲ್ಲಾ ಇದ್ದವನಿಗೆ ಹಾಗನ್ನುತ್ತಾರೆ. ಡೆನ್ಮಾರ್ಕಿನ ಎರಿಕ್ ಬ್ರೂನ್ ಅಂಥವರು. ರಷ್ಯಾದ ಬೊಲ್ಶೊಯ್ ತಂಡದಲ್ಲಿ ಹೆಣ್ಣಿನ ತುದಿಯ ಪದವಿ ಪ್ರಿಮಾ ಬ್ಯಾಲೆರಿನಾ ಆದರೆ, ಅದಕ್ಕೆ ಸಮನಾದ ಗಂಡಿನ ಪದವಿ ಪ್ರೆಮಿಯೆರ್. ಉಳಿದಂತೆ ಅಲ್ಲಿ ಇಬ್ಬರಿಗೂ ಕಾಗದದ ಮೇಲೆ ಬರೆಯುವುದು 'ಆರ್ತಿಸ್ತ್ ಬಲೇತಾ', ಅಂದರೆ ಬ್ಯಾಲೆ ಕಲಾವಿದರು. ಬ್ಯಾಲೆರುನ್ ಎಂಬ ಗಂಡು ಪದವೊಂದು ರಷ್ಯಾದ ಬೀದಿ ಮಾತಿನಲ್ಲಿದೆ. ಅದನ್ನು ಹಗುರವಾಗಿ ಆಡಿಕೊಳ್ಳಲು ಬಳಸುತ್ತಾರೆ. ಬ್ಯಾಲೆ ಮಂದಿಗೆ ಅದು ಹಿಡಿಸುವುದಿಲ್ಲ. ಹೀಗೆ ಕಾಡಿಸುವ ಹುಡುಗರು ಗಂಗಾವತಿಯಲ್ಲಷ್ಟೇ ಇಲ್ಲ ತಂಗೀ.

ನನ್ನನ್ನೂ ಕಾಡಿಸಿದರು. ಬಳ್ಳಾರಿಯ ಹೈಸ್ಕೂಲಿಗೆ ಸೇರಿದಾಗ ನಾನು ಸಂಜೆ ಭರತನಾಟ್ಯಕ್ಕೆ ಹೋಗುತ್ತಿದ್ದೆ. ಹುಡುಗರು 'ನಾಟ್ಯರಾಣಿ' ಅನ್ನುತ್ತಿದ್ದರು. ಒಬ್ಬ ಮೇಷ್ಟ್ರೂ ಹಾಜರಿ ಕರೆಯುವಾಗ ಅದೇ ಹೆಸರು ಕೂಗಿದರು. ಇಡೀ ಕ್ಲಾಸು ನಕ್ಕಿತು. ಮೂರು ದಿನ ಶಾಲೆಗೆ ಹೋಗಲಿಲ್ಲ. ಆ ಮೂರು ದಿನದ ನೋವು ನಲವತ್ತು ವರ್ಷ ಕಳೆದರೂ ನನಗೆ ನೆನಪಿದೆ. ಅದಕ್ಕೇ ನಿಮ್ಮ ಪತ್ರಕ್ಕೆ ಇಷ್ಟುದ್ದ ಬರೆಯುತ್ತಿದ್ದೇನೆ. ಆಮೇಲೆ ಬೆಂಗಳೂರಿನಲ್ಲಿ ಎರಡು ವರ್ಷ ಬ್ಯಾಲೆಯ ಮೊದಲ ಪಾಠಗಳನ್ನೂ ಕಲಿತೆ. ಅಲ್ಲಿ ನಾವೆಲ್ಲಾ ಒಂದೇ ಕಂಬಿ ಹಿಡಿದು ನಿಲ್ಲುವ ಡ್ಯಾನ್ಸರುಗಳು. ಅಷ್ಟೇ.

ಈಗ ಕನ್ನಡಕ್ಕೆ ಬರೋಣ. ನಮ್ಮಲ್ಲಿ ನರ್ತಕ, ನರ್ತಕಿ ಎರಡೂ ಇವೆ. ಆದರೆ ನಿಜ ಹೇಳಿ, ನರ್ತಕಿ ಎಂಬುದನ್ನು ಎಷ್ಟು ಸಲ ಕೇಳಿದ್ದೀರಿ, ನರ್ತಕ ಎಂಬುದನ್ನು ಎಷ್ಟು ಸಲ? ಇಲ್ಲೂ ಗಂಡು ಪದ ಸವೆದಿದೆ. ಹಳೆಯ ಶಾಸನಗಳಲ್ಲಿ ದೇವಸ್ಥಾನದಲ್ಲಿ ನರ್ತಿಸುವ ಹೆಣ್ಣಿಗೆ 'ಪಾತ್ರ' ಎಂಬ ಹೆಸರಿತ್ತು. ನೃತ್ಯಗಾರ, ನೃತ್ಯಗಾರ್ತಿ ಅನ್ನಬಹುದು. ಕಲಾವಿದ, ಕಲಾವಿದೆ ಇನ್ನೂ ಹಗುರ. ಇಬ್ಬರಿಗೂ ಸಲ್ಲುವ ನೃತ್ಯಪಟು ಇದೆ. ಬಹುವಚನದಲ್ಲಿ ಕನ್ನಡ ತುಂಬಾ ಉದಾರ. ಕಲಾವಿದರು ಅಂದರೆ ಮುಗಿಯಿತು, ಗಂಡು ಹೆಣ್ಣು ಇಬ್ಬರೂ ಅದರಲ್ಲೇ ಬಂದರು, ಗೌರವವೂ ಬಂತು. ಬ್ಯಾಲೆ ಕಲಾವಿದ, ಬ್ಯಾಲೆ ಕಲಾವಿದೆ, ಬ್ಯಾಲೆ ಕಲಾವಿದರು. ನನ್ನ ಆಯ್ಕೆ ಇದೇ.

ಹೆಸರನ್ನು ಮೈಮೇಲೆ ಹೊತ್ತು ಗೆದ್ದವರೊಬ್ಬರು ನಮ್ಮ ನೆಲದಲ್ಲೇ ಇದ್ದಾರೆ. ಮಂಜಮ್ಮ ಜೋಗತಿ ಅವರು. ಬಳ್ಳಾರಿ ಸೀಮೆಯ ಜೋಗತಿ ನೃತ್ಯದ ಕಲಾವಿದೆ. ಗಂಡಾಗಿ ಹುಟ್ಟಿ, ಹೆಣ್ಣಾಗಿ ಬದುಕನ್ನು ಕಟ್ಟಿಕೊಂಡವರು. ಜೋಗತಿ ಎಂದರೆ ಜನ ಮೂಗು ಮುರಿಯುತ್ತಿದ್ದ ಕಾಲವನ್ನು ದಾಟಿ, ಅದೇ ಹೆಸರಿಟ್ಟುಕೊಂಡು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. ಪದ್ಮಶ್ರೀ ಪಡೆದರು. ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದ ಆ ವಿಡಿಯೊವನ್ನು ಮಗನಿಗೆ ತೋರಿಸಿ.

ಬ್ಯಾಲೆ ನಮಗೆ ದೂರದ್ದು, ನಮ್ಮವರಿಗೆ ಆಗುವುದಲ್ಲ ಎಂದು ಯಾರಾದರೂ ಅಂದರೆ ನಂಬಬೇಡಿ. 1923ರಲ್ಲೇ ಉದಯ ಶಂಕರ್ ಅವರು ರಷ್ಯಾದ ಮಹಾನ್ ಬ್ಯಾಲೆರಿನಾ ಅನ್ನಾ ಪಾವ್ಲೋವಾ ಜೊತೆ ಲಂಡನ್ನಿನಲ್ಲಿ ರಾಧಾಕೃಷ್ಣರ ಕಥೆ ಕುಣಿದಿದ್ದರು. ಭರತನಾಟ್ಯಕ್ಕೆ ಹೊಸ ಜೀವ ಕೊಟ್ಟ ರುಕ್ಮಿಣಿ ದೇವಿ ಅರುಂಡೇಲ್ ನೃತ್ಯದ ಕಡೆ ತಿರುಗಿದ್ದೂ ಪಾವ್ಲೋವಾ ಸ್ನೇಹದಿಂದ. ಅವರು ಮೊದಲು ಕಲಿತದ್ದು ಬ್ಯಾಲೆಯನ್ನೇ. ನಮ್ಮ ಬೆಂಗಳೂರಿನ ಕಥಕ್ ಗುರು ಮಾಯಾ ರಾವ್ ಮಾಸ್ಕೋಗೆ ಹೋಗಿ ನೃತ್ಯ ಸಂಯೋಜನೆ ಕಲಿತು ಬಂದರು. ಇತ್ತೀಚಿನ ಮಾತು ಬೇಕೆಂದರೆ, ದೆಹಲಿಯ ಇ-ರಿಕ್ಷಾ ಚಾಲಕರೊಬ್ಬರ ಮಗ ಕಮಲ್ ಸಿಂಗ್. ಬ್ಯಾಲೆ ಶುರು ಮಾಡಿದ್ದೇ ಹದಿನೇಳಕ್ಕೆ. 2020ರಲ್ಲಿ ಲಂಡನ್ನಿನ ಇಂಗ್ಲಿಷ್ ನ್ಯಾಷನಲ್ ಬ್ಯಾಲೆ ಶಾಲೆಗೆ ಆಯ್ಕೆಯಾದರು. ಫೀಸಿಗೆ ದುಡ್ಡಿರಲಿಲ್ಲ, ಜನ ಚಂದಾ ಎತ್ತಿ ಕಳಿಸಿದರು.

ಮೊಬೈಲ್ ನೋಡಿ ಕಲಿಯುತ್ತಿದ್ದಾನೆ ಅಂದಿರಿ. ಅದಕ್ಕೆ ಒಂದೆರಡು ಮಾತು, ಇದು ಹೆಸರಿಗಿಂತ ಮುಖ್ಯ. ಬೆರಳ ತುದಿಯ ಮೇಲೆ ನಿಲ್ಲುವುದನ್ನು ಅವನು ಮಾಡಲೇಬಾರದು. ಅದಕ್ಕೆ ಬೇರೆಯದೇ ಗಟ್ಟಿ ತುದಿಯ ಶೂ ಬೇಕು, ಅದಕ್ಕೂ ಮೊದಲು ಗುರುವಿನ ಮುಂದೆ ವರ್ಷಗಟ್ಟಲೆ ಸಾಧನೆ ಬೇಕು. ಹುಡುಗಿಯರಿಗೂ ಸಾಮಾನ್ಯವಾಗಿ ಹನ್ನೊಂದು ಹನ್ನೆರಡಕ್ಕೆ ಮುಂಚೆ ಕೊಡುವುದಿಲ್ಲ. ಗಂಡು ಕಲಾವಿದರು ಬಹುತೇಕ ಮೆತ್ತನೆಯ ಶೂ ಹಾಕಿ, ಪಾದದ ಮುಂಭಾಗದ ಮೇಲೆ ಕುಣಿಯುತ್ತಾರೆ. ಅವರ ಹೆಚ್ಚಿನ ಸಾಧನೆ ಜಿಗಿತ, ಗಾಳಿಯಲ್ಲಿ ಸುತ್ತು, ಜೊತೆಯವರನ್ನು ಎತ್ತುವುದು.

ನಮ್ಮ ಮನೆಗಳದ್ದು ಕಡಪಾ ಕಲ್ಲು, ಇಲ್ಲವೇ ಶಹಾಬಾದ್ ಬಂಡೆ. ಅದರ ಮೇಲೆ ಹಾರಿ ಹಾರಿ ಇಳಿದರೆ ಮಂಡಿ, ಹಿಮ್ಮಡಿ ಹೋಗುತ್ತವೆ. ಬ್ಯಾಲೆ ಶಾಲೆಗಳಲ್ಲಿ ನೆಲಕ್ಕೆ ಮರದ ಹಲಗೆ, ಅದರ ಕೆಳಗೆ ಸ್ವಲ್ಪ ಪುಟಿಯುವಂಥ ಜಾಗ ಇರುತ್ತದೆ. ಮನೆಯಲ್ಲಿ ಅವನು ನಿಂತು ಮಾಡುವ ಪಾಠಗಳನ್ನಷ್ಟೇ ಮಾಡಲಿ. ಕಿಟಕಿಯ ಸರಳು ಹಿಡಿದು ಪಾದ ಹೊರಗೆ ತಿರುಗಿಸಿ, ನಿಧಾನಕ್ಕೆ ಮಂಡಿ ಬಾಗಿಸಿ ಏಳಲಿ. ಪಾದವನ್ನು ಬಲವಂತವಾಗಿ ತಿರುಗಿಸಬಾರದು, ತೊಡೆಯ ಬುಡದಿಂದ ಎಷ್ಟು ತಿರುಗುತ್ತದೋ ಅಷ್ಟೇ. ಗಂಗಾವತಿಯಲ್ಲಿ ಬ್ಯಾಲೆ ಗುರು ಸಿಗದಿದ್ದರೆ ಒಳ್ಳೆಯ ಭರತನಾಟ್ಯದ ಗುರು ಹುಡುಕಿ. ಅರೆಮಂಡಿಯೂ ಪ್ಲಿಯೆಯೂ ದಾಯಾದಿಗಳು. ತಾಳ, ನಿಲುವು, ಶಿಸ್ತು ಬಂದರೆ ಮುಂದೆ ದಾರಿ ಸುಲಭ.

ಇನ್ನು ಕಾರ್ಯಕ್ರಮದ ಪಟ್ಟಿ. ಬೇರೆ ಮಕ್ಕಳದ್ದನ್ನು ಹೇಗೆ ಹಾಕಿಸುತ್ತಾರೋ ಹಾಗೇ ಹಾಕಿಸಿ. ಮೊದಲು 'ಬ್ಯಾಲೆ ನೃತ್ಯ', ಆಮೇಲೆ ಅವನ ಹೆಸರು, ತರಗತಿ. ಹೆಸರಿನ ಹಿಂದೆ ಮುಂದೆ ಏನೂ ಬೇಡ. ನಿರೂಪಣೆ ಮಾಡುವವರು ಒಂದು ಮಾತು ಬೇಕೇ ಬೇಕು ಅಂದರೆ "ನಮ್ಮ ಶಾಲೆಯ ಬ್ಯಾಲೆ ಕಲಾವಿದ" ಎಂದು ಕರೆಯಲಿ. ಟೀಚರ್ ಒಪ್ಪಿದರೆ, ಅವನು ಕುಣಿಯುವ ಮುಂಚೆ ಆ ಸೂರ್ಯನ ವೇಷದ ಹುಡುಗ ದೊರೆಯ ಕಥೆಯನ್ನು ಎರಡೇ ಸಾಲಿನಲ್ಲಿ ಮೈಕಿನಲ್ಲಿ ಹೇಳಿಸಿ. ಕಾಡಿಸಿದ ಹುಡುಗರೂ ಕೇಳಿಸಿಕೊಳ್ಳುತ್ತಾರೆ.

ಒಂದು ಮಾತ್ರ ಮರೆಯಬೇಡಿ. ಹಿಂದಿನ ದಿನವೇ ಹೋಗಿ ವೇದಿಕೆ ನೋಡಿ ಬನ್ನಿ. ಹಲಗೆಯದಾದರೆ ಮೊಳೆ ಮೇಲೆದ್ದಿದೆಯಾ ಅಂತ ಕೈಯಾಡಿಸಿ ನೋಡಿ. ಸಿಮೆಂಟಿನದೋ ಕಲ್ಲಿನದೋ ಆದರೆ ಜಿಗಿತಗಳನ್ನು ಕಡಿಮೆ ಮಾಡಿಸಿ, ಸುತ್ತುಗಳನ್ನು ಇಟ್ಟುಕೊಳ್ಳಲಿ. ಮುಗಿದ ಮೇಲೆ ಹೇಗಾಯಿತು ಅಂತ ಬರೆಯಿರಿ.